ಕೋರ್ಟಿನಲ್ಲಿ ನಾಯಿ, ಹಳ್ಳಿಯಲ್ಲಿ ಗಾಯ: ರೇಬೀಸ್ ಸಾವು ತಪ್ಪುವುದು ಎಲ್ಲಿ?

2025ರ ಆಗಸ್ಟ್‌ನಿಂದ ಬೀದಿನಾಯಿ ಸುದ್ದಿ ಓದಿಕೊಂಡು ಬಂದವರಿಗೆ ತಲೆ ಕೆಟ್ಟಿರಬೇಕು. ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ದೆಹಲಿ ಮತ್ತು ಸುತ್ತಮುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಕ್ಕೆ ಹಾಕಿ, ವಾಪಸ್ ಬಿಡಬೇಡಿ ಎಂದಿತು. ಹನ್ನೊಂದೇ ದಿನಕ್ಕೆ ಮೂವರ ಪೀಠ ಅದನ್ನು ಬದಲಿಸಿತು: ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ. ರೇಬೀಸ್ ತಗುಲಿದ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬೇಡಿ. ನವೆಂಬರ್ 7ರಂದು ಇನ್ನೊಂದು ಆದೇಶ ಬಂತು. ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಹಿಡಿದ ನಾಯಿಗಳನ್ನು ಮತ್ತೆ ಅದೇ ಜಾಗಕ್ಕೆ ಬಿಡುವಂತಿಲ್ಲ ಎಂದು.

ಟಿವಿಯಲ್ಲಿ ನಾಯಿ ಪರ, ನಾಯಿ ವಿರುದ್ಧ ಎಂದು ಎರಡು ಗುಂಪು. ಇಷ್ಟೆಲ್ಲದರ ನಡುವೆ ಒಂದು ಸರಳ ಪ್ರಶ್ನೆ ಕಳೆದುಹೋಯಿತು. ನಾಯಿಯ ವಿಚಾರ ಇತ್ಯರ್ಥ ಆಗುವವರೆಗೆ, ಇವತ್ತು ಸಂಜೆ ಹಳ್ಳಿಯೊಂದರಲ್ಲಿ ಕಚ್ಚಿಸಿಕೊಂಡ ಮಗು ಏನು ಮಾಡಬೇಕು? ರೇಬೀಸ್‌ನಿಂದ ಸಾಯುವುದಕ್ಕೂ ಬದುಕುವುದಕ್ಕೂ ನಡುವಿನ ವ್ಯತ್ಯಾಸ ಬಹುತೇಕ ಆ ಉತ್ತರದಲ್ಲೇ ಇದೆ.

54, 42, 5,726: ಯಾವ ಲೆಕ್ಕ ನಂಬೋದು?

ಗೊಂದಲ ಶುರುವಾಗುವುದೇ ಅಂಕಿಗಳಿಂದ. 2024ರಲ್ಲಿ ದೇಶದಲ್ಲಿ 37 ಲಕ್ಷಕ್ಕೂ ಹೆಚ್ಚು ನಾಯಿ ಕಡಿತ, ರೇಬೀಸ್ ಎಂದು ಶಂಕಿಸಿದ ಸಾವು 54 ಎಂದು ಕೇಂದ್ರ ಸರ್ಕಾರ ಲೋಕಸಭೆಗೆ ತಿಳಿಸಿತು. ಅದೇ ವರ್ಷ ಕರ್ನಾಟಕವೊಂದೇ ಸುಮಾರು 3.6 ಲಕ್ಷ ಕಡಿತ, 42 ಸಾವು ಎಂದು ಲೆಕ್ಕ ಕೊಟ್ಟಿದೆ. ಹಾಗಾದರೆ ಉಳಿದ ಇಡೀ ದೇಶದಲ್ಲಿ ಸತ್ತವರು ಹನ್ನೆರಡೇ ಜನವೇ? ನಂಬೋ ಮಾತಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಚೆನ್ನೈ ಸಂಸ್ಥೆ 2022ರ ಮಾರ್ಚ್‌ನಿಂದ 2023ರ ಆಗಸ್ಟ್‌ವರೆಗೆ 15 ರಾಜ್ಯಗಳ 60 ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ನಡೆಸಿತು. ಅದರ ಅಂದಾಜು ಬೇರೆಯೇ ಇದೆ: ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತ, 5,726 ರೇಬೀಸ್ ಸಾವು. ಇಪ್ಪತ್ತು ವರ್ಷ ಹಿಂದೆ, 2003ರ ಸಮೀಕ್ಷೆಯಲ್ಲಿ ಆ ಸಾವಿನ ಅಂದಾಜು 20 ಸಾವಿರ ದಾಟಿತ್ತು.

ಅಂತರ ಯಾಕೆ ಇಷ್ಟು? ಆಸ್ಪತ್ರೆಯ ಲೆಕ್ಕದಲ್ಲಿ ಆಸ್ಪತ್ರೆಯಲ್ಲಿ ಸತ್ತವರು ಇರುತ್ತಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ವೈದ್ಯರು ಕೈಚೆಲ್ಲುತ್ತಾರೆ. ಮನೆಯವರು ರೋಗಿಯನ್ನು ಊರಿಗೆ ಕರೆದುಕೊಂಡು ಹೋಗುತ್ತಾರೆ. ಆ ಸಾವು ಮನೆಯಲ್ಲಿ ಆಗುತ್ತದೆ, ಯಾವ ರಿಜಿಸ್ಟರಿಗೂ ಏರುವುದಿಲ್ಲ. ಕರ್ನಾಟಕದ ಅಂಕಿ ಜಾಸ್ತಿ ಕಾಣುವುದಕ್ಕೆ ಒಂದು ಕಾರಣವೂ ಇಲ್ಲೇ ಇರಬಹುದು. ರಾಜ್ಯ 2022ರಲ್ಲಿ ರೇಬೀಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಎಂದು ಘೋಷಿಸಿತು. ಎಣಿಸಲು ಶುರು ಮಾಡಿದವರ ಬಳಿ ಸಂಖ್ಯೆ ದೊಡ್ಡದಾಗಿ ಕಾಣುವುದು ಸಹಜ.

ಅದೇ ಸಮೀಕ್ಷೆಯ ಇನ್ನೊಂದು ಅಂಶ ಇದಕ್ಕಿಂತ ಮುಖ್ಯ. ನಾಯಿ ಕಚ್ಚಿಸಿಕೊಂಡ ಐವರಲ್ಲಿ ಒಬ್ಬರು ಒಂದೇ ಒಂದು ಲಸಿಕೆಯನ್ನೂ ಹಾಕಿಸಿಕೊಂಡಿರಲಿಲ್ಲ. ಶುರು ಮಾಡಿದವರಲ್ಲೂ ಸುಮಾರು ಅರ್ಧ ಜನ ಪೂರ್ತಿ ಮುಗಿಸಿರಲಿಲ್ಲ.

ಜಗಳದಲ್ಲಿ ಯಾರು ಏನೆನ್ನುತ್ತಾರೆ

ಒಂದು ವಾದ: ನಾಯಿಯೇ ಇಲ್ಲದಿದ್ದರೆ ಕಡಿತವೂ ಇಲ್ಲ, ಹಿಡಿದು ಹಾಕಿ. ಎರಡನೆಯದು: ಒಂದು ಜಾಗದ ನಾಯಿಗಳನ್ನು ಎತ್ತಿದರೆ ಲಸಿಕೆ ಕಾಣದ ಬೇರೆ ನಾಯಿಗಳು ಬಂದು ಸೇರುತ್ತವೆ, ಹಾಗಾಗಿ ಸಂತಾನಹರಣ ಮತ್ತು ಲಸಿಕೆಯೇ ದಾರಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ನಿಂತಿರುವುದು ಈ ಎರಡನೇ ವಾದದ ಮೇಲೆ. ಒಂದು ಪ್ರದೇಶದ ಶೇ 70ರಷ್ಟು ನಾಯಿಗಳಿಗೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎರಡೂ ವಾದಗಳಿಗೆ ಹಿಡಿಯುವ ಸಿಬ್ಬಂದಿ ಬೇಕು, ವಾಹನ ಬೇಕು, ಶಸ್ತ್ರಚಿಕಿತ್ಸೆಗೆ ಜಾಗ ಬೇಕು. ಮಹಾನಗರ ಪಾಲಿಕೆಗಳೇ ಇದರಲ್ಲಿ ಏದುಸಿರು ಬಿಡುತ್ತಿವೆ. ಗ್ರಾಮ ಪಂಚಾಯಿತಿ ಏನು ಮಾಡೀತು? ಹಳ್ಳಿಯ ನಾಯಿ ಪೂರ್ತಿ ಬೀದಿನಾಯಿಯೂ ಅಲ್ಲ. ಒಬ್ಬರ ಮನೆಯಲ್ಲಿ ಊಟ, ಇನ್ನೊಬ್ಬರ ಜಗಲಿಯಲ್ಲಿ ನಿದ್ದೆ, ರಾತ್ರಿ ಹೊಲದ ಕಾವಲು. ಎಲ್ಲರದ್ದೂ ಹೌದು. ಲಸಿಕೆ ಹಾಕಿಸುವ ಹೊತ್ತಿಗೆ ಮಾತ್ರ ಯಾರದ್ದೂ ಅಲ್ಲ.

ಮೂರನೇ ವಾದ ಆರೋಗ್ಯ ಇಲಾಖೆಯದು: ಜನರಿಗೆ ತಿಳಿವಳಿಕೆ ಕೊಡಿ. ಇದು ಅಗ್ಗ, ಬೇಗ ಮಾಡಬಹುದು. ಆದರೆ ನಮ್ಮಲ್ಲಿ 'ಜಾಗೃತಿ' ಎಂದರೆ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದಂದು ಒಂದು ಜಾಥಾ, ಒಂದು ಬ್ಯಾನರ್, ಒಂದು ಗ್ರೂಪ್ ಫೋಟೊ. 'ರೇಬೀಸ್ ಮಾರಕ ರೋಗ' ಎಂದು ಬ್ಯಾನರ್ ಹೇಳುತ್ತದೆ. ಅದು ಹಳ್ಳಿಯವರಿಗೆ ಗೊತ್ತಿಲ್ಲದ ವಿಷಯವೇ? ಹುಚ್ಚುನಾಯಿ ಕಡಿದರೆ ಸಾಯುತ್ತಾರೆ ಅನ್ನೋದು ಅಜ್ಜಿಯಂದಿರಿಗೂ ಗೊತ್ತು. ಕಚ್ಚಿದ ಮೊದಲ ಒಂದು ಗಂಟೆಯಲ್ಲಿ ಕೈಗಳು ಏನು ಮಾಡಬೇಕು ಅನ್ನೋದು ಗೊತ್ತಿಲ್ಲ, ಅಷ್ಟೇ.

ವೈರಸ್ ನಿಧಾನ, ಅದೇ ನಮ್ಮ ಅವಕಾಶ

ರೇಬೀಸ್ ವೈರಸ್ ಜೊಲ್ಲಿನ ಮೂಲಕ ಗಾಯಕ್ಕೆ ಇಳಿಯುತ್ತದೆ. ರಕ್ತದಲ್ಲಿ ಹರಿದು ಹೋಗುವುದಿಲ್ಲ. ಗಾಯದ ಹತ್ತಿರದ ನರವನ್ನು ಹಿಡಿದು, ನಿಧಾನವಾಗಿ ಮಿದುಳಿನ ಕಡೆಗೆ ಏರುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಕೆಲವರಲ್ಲಿ ಒಂದು ವಾರ ಸಾಕು, ಅಪರೂಪಕ್ಕೆ ವರ್ಷ ದಾಟಿದ್ದೂ ಇದೆ. ಕಾಲಿಗೆ ಕಚ್ಚಿದರೆ ದಾರಿ ಉದ್ದ. ಮುಖಕ್ಕೋ ಕತ್ತಿಗೋ ಕಚ್ಚಿದರೆ ದಾರಿ ಗಿಡ್ಡ. ಕೈಬೆರಳಿಗೆ ಕಚ್ಚಿದರೂ ಅಪಾಯ ಜಾಸ್ತಿ, ಯಾಕೆಂದರೆ ಅಲ್ಲಿ ನರಗಳು ಒತ್ತೊತ್ತಾಗಿವೆ.

ಮಿದುಳು ತಲುಪುವ ಮೊದಲು ಅದನ್ನು ತಡೆದರೆ ರೋಗಿ ಬದುಕುತ್ತಾರೆ. ತಲುಪಿದ ಮೇಲೆ, ನೀರು ಕಂಡರೆ ಗಂಟಲು ಬಿಗಿಯುವ ಹಂತ ಬಂದ ಮೇಲೆ, ಹೆಚ್ಚುಕಡಿಮೆ ಯಾರೂ ಬದುಕುವುದಿಲ್ಲ. ಇದಕ್ಕೇ ವೈದ್ಯರು ಈ ರೋಗವನ್ನು ನೂರಕ್ಕೆ ನೂರು ಮಾರಕ, ನೂರಕ್ಕೆ ನೂರು ತಡೆಯಬಹುದಾದದ್ದು ಎಂದು ಒಂದೇ ಉಸಿರಿನಲ್ಲಿ ಹೇಳುವುದು. ಸಮಯ ಇದೆ ಅಂದುಕೊಂಡು ಕೂರುವಂತಿಲ್ಲ. ತಡವಾಯಿತು ಅಂತ ಕೈಬಿಡುವಂತೆಯೂ ಇಲ್ಲ. ಕಚ್ಚಿ ತಿಂಗಳಾಗಿದ್ದರೂ, ಲಕ್ಷಣ ಶುರುವಾಗಿಲ್ಲ ಅಂದರೆ ಇವತ್ತೇ ಹೋಗಿ ಹಾಕಿಸಿಕೊಳ್ಳಬೇಕು.

ನಾಟಿ ಔಷಧಿ ಯಾಕೆ 'ಕೆಲಸ ಮಾಡುತ್ತೆ'?

ಹಳ್ಳಿಗಳಲ್ಲಿ ನಾಯಿ ಕಚ್ಚಿದ್ದಕ್ಕೆ ಎಲೆಯ ರಸ ಹಿಂಡುವವರು, ಮಂತ್ರ ಹಾಕುವವರು, ಪಥ್ಯ ಹೇಳುವವರು ಇನ್ನೂ ಇದ್ದಾರೆ. ಅವರ ಹತ್ತಿರ ಹೋದವರನ್ನು ದಡ್ಡರು ಎಂದು ಬೈದರೆ ಕೆಲಸ ಆಗುವುದಿಲ್ಲ. ಅವರ ನಂಬಿಕೆಗೆ ಒಂದು ಲೆಕ್ಕಾಚಾರ ಇದೆ. ಅದು ತಪ್ಪು ಲೆಕ್ಕಾಚಾರ, ಆದರೆ ಹುಚ್ಚು ಲೆಕ್ಕಾಚಾರ ಅಲ್ಲ.

ಹೀಗೆ ನೋಡಿ. ಕಚ್ಚುವ ನಾಯಿಗಳಲ್ಲಿ ಬಹುಪಾಲಿಗೆ ರೇಬೀಸ್ ಇರುವುದಿಲ್ಲ. ಮರಿ ಹಾಕಿದ ನಾಯಿ ಹತ್ತಿರ ಹೋದವರನ್ನು ಕಚ್ಚುತ್ತದೆ, ಉಣ್ಣುತ್ತಿದ್ದ ನಾಯಿ ತಟ್ಟೆ ಎಳೆದವರನ್ನು ಕಚ್ಚುತ್ತದೆ. ರೇಬೀಸ್ ಇದ್ದ ನಾಯಿ ಕಚ್ಚಿದರೂ ಎಲ್ಲರಿಗೂ ರೋಗ ಬರಲೇಬೇಕೆಂದಿಲ್ಲ. ಪ್ಯಾಂಟಿನ ಬಟ್ಟೆಯೇ ಎಷ್ಟೋ ಜೊಲ್ಲನ್ನು ತಡೆದಿರುತ್ತದೆ. ಹಾಗಾಗಿ ನಾಟಿ ವೈದ್ಯರ ಬಳಿ ಬಂದ ನೂರು ಜನರಲ್ಲಿ ಬಹುತೇಕರು ಏನೂ ಆಗದೆ ಓಡಾಡಿಕೊಂಡಿರುತ್ತಾರೆ. ಅವರೆಲ್ಲ ಆ ಔಷಧಿಗೆ ಸಾಕ್ಷಿಗಳು. ಸತ್ತ ಒಬ್ಬರು ಎರಡು ಮೂರು ತಿಂಗಳ ನಂತರ ಸತ್ತಿರುತ್ತಾರೆ. ಅಷ್ಟರಲ್ಲಿ ಕಡಿತವೇ ಮರೆತುಹೋಗಿರುತ್ತದೆ. ನೆನಪಾದರೂ 'ಪಥ್ಯ ಮುರಿದರು' ಎಂಬ ಉತ್ತರ ಸಿದ್ಧವಾಗಿದೆ.

ಇದನ್ನು ಬಿಡಿಸಿ ಹೇಳದೆ ಸುಮ್ನೆ 'ಮೂಢನಂಬಿಕೆ' ಎಂದರೆ, ಕೇಳಿದವರು ತಮ್ಮ ಕಣ್ಣೆದುರಿನ ನೂರು ಸಾಕ್ಷಿಗಳನ್ನೇ ನಂಬುತ್ತಾರೆ. ನೀವಾದರೂ ನಂಬುತ್ತಿದ್ದಿರಿ, ಅಲ್ವಾ?

ಇದರ ಜೊತೆಗೆ ಹಳೆಯ ಭಯ ಒಂದಿದೆ: ಹೊಕ್ಕಳ ಸುತ್ತ 14 ಇಂಜೆಕ್ಷನ್. ಹಿಮಾಚಲದ ಕಸೌಲಿಯಲ್ಲಿ ಬ್ರಿಟಿಷ್ ವೈದ್ಯ ಡೇವಿಡ್ ಸೆಂಪಲ್ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಲಸಿಕೆ ಅದು. ಹೊಟ್ಟೆಗೆ ಚುಚ್ಚುತ್ತಿದ್ದರು, ನೋವೂ ಇತ್ತು, ಅಡ್ಡಪರಿಣಾಮವೂ ಇತ್ತು. ಭಾರತದಲ್ಲಿ 2005ರ ಹೊತ್ತಿಗೇ ಅದು ನಿಂತುಹೋಯಿತು. ಈಗ ತೋಳಿಗೆ ಚುಚ್ಚುತ್ತಾರೆ. ಚರ್ಮದ ಪದರಕ್ಕೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ, ಅಂದರೆ ನಾಲ್ಕು ಭೇಟಿ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೇ ದಿನವೂ ಸೇರಿ ಐದು. ಇಪ್ಪತ್ತು ವರ್ಷ ಹಿಂದೆ ಸತ್ತ ಇಂಜೆಕ್ಷನ್ ಇವತ್ತಿಗೂ ಜನರನ್ನು ಆಸ್ಪತ್ರೆಯಿಂದ ದೂರ ಇಟ್ಟಿದೆ ಅಂದರೆ, ನಮ್ಮ ಬ್ಯಾನರುಗಳು ಏನು ಹೇಳಿಕೊಂಡು ಬಂದಿವೆ ಎಂದು ಕೇಳಬೇಕಾಗುತ್ತದೆ.

15 ನಿಮಿಷ ಅಂದರೆ ಎಷ್ಟು ಹೊತ್ತು

'ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆಯಿರಿ.' ಓದಲು ಒಂದೇ ಸಾಲು. ಮಾಡಿ ನೋಡಿದರೆ ಗೊತ್ತಾಗುತ್ತದೆ.

ಮೀನಖಂಡದಲ್ಲಿ ಎರಡು ಹಲ್ಲಿನ ತೂತು. ಮಗು ಚೀರುತ್ತಿದೆ. ಅಮ್ಮ ಒಂದು ಚೊಂಬು ನೀರು ಸುರಿಯುತ್ತಾಳೆ, ರಕ್ತ ಹೋಯಿತು ಅನ್ನಿಸುತ್ತದೆ, ಸೆರಗಿನಿಂದ ಒತ್ತುತ್ತಾಳೆ. ಅಷ್ಟಕ್ಕೆ ಅರ್ಧ ನಿಮಿಷ. ನಲ್ಲಿ ಬರುವ ಹೊತ್ತಲ್ಲದಿದ್ದರೆ 15 ನಿಮಿಷಕ್ಕೆ ಒಂದು ಕೊಡ ಸಾಲುವುದಿಲ್ಲ. ಒಬ್ಬರು ಸುರಿಯಬೇಕು, ಒಬ್ಬರು ಮಗುವನ್ನು ಹಿಡಿಯಬೇಕು. ನೊರೆ ತೂತಿನೊಳಗೆ ಇಳಿಯುವ ಹಾಗೆ ಸೋಪು ಹಚ್ಚಬೇಕು, ತೊಳೆಯಬೇಕು, ಮತ್ತೆ ಹಚ್ಚಬೇಕು. ಬಟ್ಟೆ ಸೋಪಾದರೂ ಆದೀತು.

ಸೋಪೇ ಯಾಕೆ? ರೇಬೀಸ್ ವೈರಸ್ಸಿನ ಹೊರಕವಚ ಕೊಬ್ಬಿನದು. ಜಿಡ್ಡಿನ ಪಾತ್ರೆಯ ಜಿಡ್ಡನ್ನು ಸೋಪು ಹೇಗೆ ಬಿಡಿಸುತ್ತದೋ, ಆ ಕವಚವನ್ನೂ ಹಾಗೇ ಒಡೆಯುತ್ತದೆ. ಕವಚ ಒಡೆದ ವೈರಸ್ ನಿಷ್ಪ್ರಯೋಜಕ. ಈ ಕಾರಣವನ್ನು ಹೇಳಿದರೆ ಜನ ತೊಳೆಯುತ್ತಾರೆ. ಕಾರಣ ಹೇಳದೆ ಬರೀ ನಿಮಿಷ ಹೇಳಿದರೆ ಅದೊಂದು ಶಾಸ್ತ್ರವಾಗಿ ಉಳಿಯುತ್ತದೆ.

ಖಾರದ ಪುಡಿ, ಸುಣ್ಣ, ಅರಿಶಿನ, ಎಣ್ಣೆ, ಕಾಫಿ ಪುಡಿ ಏನೂ ಬೇಡ. ಖಾರ ಉರಿದರೆ ವಿಷ ಸುಟ್ಟಿತು ಎಂಬ ಭಾವನೆ ಇದೆ. ನಿಜಕ್ಕೂ ಆಗುವುದು ಗಾಯ ಇನ್ನಷ್ಟು ಕೆರಳುವುದು, ತೊಳೆಯುವ ಕೆಲಸ ಅಲ್ಲಿಗೇ ನಿಲ್ಲುವುದು. ಗಾಯವನ್ನು ತಕ್ಷಣ ಹೊಲಿಗೆ ಹಾಕಿಸುವುದನ್ನೂ ಆದಷ್ಟು ತಪ್ಪಿಸಬೇಕು. ಹೊಲಿಯುವ ಸೂಜಿಯೇ ವೈರಸ್ಸನ್ನು ಒಳಕ್ಕೆ ತಳ್ಳಬಹುದು.

ಮಕ್ಕಳು ಯಾಕೆ ಹೇಳಲ್ಲ

ರೇಬೀಸ್ ಶಂಕೆಯ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಶೇ 40ರಷ್ಟು ಮಂದಿ 15 ವರ್ಷದ ಒಳಗಿನವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳು ಕುಳ್ಳಗಿರುವುದರಿಂದ ನಾಯಿಯ ಬಾಯಿ ಮುಖದ ಹತ್ತಿರ ಬರುತ್ತದೆ. ಇನ್ನೊಂದು ತೊಂದರೆ, ಅವರು ಮನೆಯಲ್ಲಿ ಹೇಳುವುದಿಲ್ಲ. 'ಆ ನಾಯಿ ತಂಟೆಗೆ ಯಾಕೆ ಹೋದೆ' ಎಂಬ ಏಟಿನ ಭಯ, ಸೂಜಿಯ ಭಯ. ಮರಿ ಪರಚಿದ್ದನ್ನಂತೂ ಗಾಯ ಎಂದೇ ಎಣಿಸುವುದಿಲ್ಲ. ಮರಿಗೂ ರೇಬೀಸ್ ಇರಬಹುದು. ರಕ್ತ ಬಾರದ ಪರಚಿದ ಗಾಯಕ್ಕೂ ಲಸಿಕೆ ಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದೊಳಗೆ ಕೊಡುವ ಇನ್ನೊಂದು ಔಷಧಿಯೂ ಬೇಕು.

ಹಾಗಾಗಿ ಶಾಲೆಯ ಪಾಠದ ಅರ್ಧ ಭಾಗ ಪೋಷಕರಿಗೆ ಹೋಗಬೇಕು: ಕಚ್ಚಿದ್ದನ್ನು ಹೇಳಿದ ಮಗುವಿಗೆ ಬೈಯಬೇಡಿ. ಉಳಿದರ್ಧ ಮಕ್ಕಳಿಗೆ, ಅದೂ ಆಟದ ರೂಪದಲ್ಲಿ. ನಾಯಿ ಮೇಲೆ ಬಂದರೆ ಓಡಬೇಡ, ಮರದ ಹಾಗೆ ನಿಲ್ಲು, ಕಣ್ಣು ನೆಲದ ಮೇಲಿರಲಿ. ಬೀಳಿಸಿದರೆ ಕಲ್ಲಿನ ಹಾಗೆ ಮುದುಡಿಕೋ, ಕತ್ತನ್ನೂ ಕಿವಿಯನ್ನೂ ಕೈಯಲ್ಲಿ ಮುಚ್ಚಿಕೋ. ಓಡಿದರೆ ಅಟ್ಟಿಸಿಕೊಂಡು ಬರುವುದು ನಾಯಿಯ ಹುಟ್ಟುಗುಣ. ಇದನ್ನು ಹತ್ತು ಸಲ ಮಾಡಿಸಿದ ಮಗುವಿಗೆ ಆ ಕ್ಷಣದಲ್ಲಿ ಮೈ ತಾನಾಗಿ ನೆನಪಿಸುತ್ತದೆ. ಬೋರ್ಡಿನ ಮೇಲೆ ಬರೆದದ್ದು ಆಗ ನೆನಪಾಗುವುದಿಲ್ಲ.

ಕೊಟ್ಟಿಗೆಯಲ್ಲೂ ಅಪಾಯ

ನಗರದ ಕರಪತ್ರಗಳು ಪೂರ್ತಿ ಬಿಟ್ಟುಬಿಡುವ ವಿಷಯ ಇದು. ನಾಯಿ ಕಚ್ಚಿದ ಹಸುವಿಗೆ ರೇಬೀಸ್ ಬಂದರೆ ಅದು ಜೊಲ್ಲು ಸುರಿಸುತ್ತದೆ, ಮೇವು ನುಂಗಲಾಗದೆ ಒದ್ದಾಡುತ್ತದೆ, ದನಿ ಒಡೆದು ಕೂಗುತ್ತದೆ. ನೋಡಿದವರಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅನ್ನಿಸುತ್ತದೆ. ತೋಳು ಮಡಚಿ ಹಸುವಿನ ಬಾಯಿಗೆ ಕೈ ಹಾಕುತ್ತಾರೆ. ಬೆರಳಲ್ಲಿ ಕುಡುಗೋಲಿನ ಒಂದು ಗೀರು ಇದ್ದರೆ ಸಾಕು. ಯಾರೂ ಕಚ್ಚಲಿಲ್ಲ, ಆದರೂ ಜೊಲ್ಲು ಗಾಯಕ್ಕೆ ತಾಗಿತು. ದನಕರು ಹೀಗೆ ಮಾಡಿದರೆ ಬಾಯಿಗೆ ಕೈ ಹಾಕದೆ ಪಶು ವೈದ್ಯರನ್ನು ಕರೆಯಿರಿ ಎಂಬ ಒಂದು ಮಾತು ಹಾಲಿನ ಡೇರಿಯ ಮುಂದೆ ಸಾಲು ನಿಂತವರಿಗೆ ದಿನವೂ ಮುಟ್ಟಬಹುದು.

ಬೆಕ್ಕು, ಕೋತಿ, ನರಿ, ಮುಂಗುಸಿ ಕಚ್ಚಿದರೂ ತೊಳೆಯುವ, ಲಸಿಕೆ ಹಾಕಿಸುವ ನಿಯಮ ಅದೇ.

'ಲಸಿಕೆ ಹಾಕಿಸಿದರೂ ಸತ್ತರಲ್ಲ?'

2025ರ ಏಪ್ರಿಲ್-ಮೇ ತಿಂಗಳಲ್ಲಿ ಕೇರಳದಲ್ಲಿ ಲಸಿಕೆ ಪಡೆದಿದ್ದ ಮಕ್ಕಳು ರೇಬೀಸ್‌ನಿಂದ ಸತ್ತ ಸುದ್ದಿ ಬಂದಾಗ ಈ ಪ್ರಶ್ನೆ ಎಲ್ಲೆಡೆ ಎದ್ದಿತು. ಹಾಗಾದರೆ ಲಸಿಕೆ ಸುಳ್ಳೇ?

ಅಲ್ಲ. ಲಸಿಕೆ ಮೈಯಲ್ಲಿ ಪ್ರತಿರೋಧ ಹುಟ್ಟಿಸಲು ಒಂದೆರಡು ವಾರ ಬೇಕು. ಅಷ್ಟರವರೆಗೆ ಗಾಯದಲ್ಲಿರುವ ವೈರಸ್ಸನ್ನು ಕಟ್ಟಿಹಾಕಲು ಸಿದ್ಧ ಪ್ರತಿಕಾಯಗಳನ್ನು ಗಾಯದ ಒಳಗೂ ಸುತ್ತಲೂ ಚುಚ್ಚಬೇಕು. ಅದೇ ಇಮ್ಯುನೊಗ್ಲಾಬ್ಯುಲಿನ್. ಮೊದಲ ದಿನವೇ ಆಗಬೇಕು. ತಪ್ಪಿದರೆ ಮೊದಲ ಲಸಿಕೆಯಾದ ಏಳು ದಿನದೊಳಗೆ. ಮುಖಕ್ಕೆ, ತಲೆಗೆ ಆಳವಾಗಿ ಕಚ್ಚಿದ್ದರೆ ವೈರಸ್ ಮಿದುಳಿಗೆ ಬಲು ಹತ್ತಿರದಲ್ಲಿರುತ್ತದೆ. ಅಲ್ಲಿ ಒಂದು ಗಾಯ ತೊಳೆಯದೆ ಉಳಿದರೂ, ಕೂದಲ ಮರೆಯ ಒಂದು ತೂತಿಗೆ ಔಷಧಿ ಇಳಿಯದಿದ್ದರೂ ಲಸಿಕೆ ಓಟದಲ್ಲಿ ಹಿಂದೆ ಬೀಳಬಹುದು. ಹಾಗಾಗಿ ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆ: 'ರಕ್ತ ಬಂದಿದೆ, ಗಾಯಕ್ಕೆ ಕೊಡುವ ಇಂಜೆಕ್ಷನ್ ಆಯ್ತಾ?'

ನಾಯಿಯ ಮೇಲೆ 10 ದಿನ ಕಣ್ಣಿಡುವ ನಿಯಮವೂ ಹೀಗೇ ಉಲ್ಟಾ ಆಗಿದೆ. ನಾಯಿ ಅಥವಾ ಬೆಕ್ಕಿನ ಜೊಲ್ಲಿನಲ್ಲಿ ವೈರಸ್ ಬರುವುದು ಅದು ಕಾಯಿಲೆ ಬೀಳುವ ಕೆಲವೇ ದಿನ ಮೊದಲು. ಹತ್ತನೇ ದಿನಕ್ಕೂ ಅದು ಗಟ್ಟಿಮುಟ್ಟಾಗಿದ್ದರೆ ಕಚ್ಚಿದ ದಿನ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ. ಇದರಿಂದ ಜನ ಕಲಿತದ್ದು 'ಹತ್ತು ದಿನ ನೋಡಿ ಆಮೇಲೆ ಹೋಗೋಣ' ಎಂದು. ಸರಿಯಾದದ್ದು: ಇವತ್ತೇ ಲಸಿಕೆ ಶುರು, ಜೊತೆಗೇ ನಾಯಿಯ ಮೇಲೆ ಕಣ್ಣು. ಕಚ್ಚಿದ ನಾಯಿಯನ್ನು ಹೊಡೆದು ಕೊಂದರೆ ಆ ಸುಳಿವೂ ಹೋಯಿತು.

ಹೇಳಿ ಕಳಿಸಿದ ಮೇಲೆ ಅಲ್ಲಿ ಔಷಧಿ ಇರಬೇಕು

ತಿಳಿವಳಿಕೆಯೊಂದೇ ಸಾಕು ಎನ್ನುವವರು ಉತ್ತರಿಸಬೇಕಾದ ಪ್ರಶ್ನೆ ಇಲ್ಲಿದೆ. ಆಶಾ ಕಾರ್ಯಕರ್ತೆಯ ಮಾತು ಕೇಳಿ ಒಬ್ಬರು ಕೂಲಿ ಬಿಟ್ಟು, ಬಸ್ ಹತ್ತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರು ಅನ್ನಿ. ಅಲ್ಲಿ 'ನಾಳೆ ಬನ್ನಿ' ಎಂದರು. ಇದರ ಹಿಂದೆ ಯಾವಾಗಲೂ ಉದಾಸೀನವೇ ಇರಬೇಕೆಂದಿಲ್ಲ. ಚರ್ಮದ ಪದರಕ್ಕೆ ಕೊಡುವ ಕ್ರಮದಲ್ಲಿ ಒಂದು ಚುಚ್ಚಿಗೆ 0.1 ಮಿಲಿ ಲೀಟರ್ ಸಾಕು, ಒಂದು ವಯಲ್‌ನಲ್ಲಿ (ಲಸಿಕೆಯ ಸಣ್ಣ ಸೀಸೆ) ಹಲವರಿಗೆ ಕೊಡಬಹುದು. ಆದರೆ ತೆರೆದ ವಯಲ್ ಅನ್ನು 6ರಿಂದ 8 ಗಂಟೆಯೊಳಗೆ ಬಳಸಬೇಕು. ಒಬ್ಬರಿಗಾಗಿ ತೆರೆದರೆ ಉಳಿದದ್ದು ವ್ಯರ್ಥ. ನಗರದ ದೊಡ್ಡ ಆಸ್ಪತ್ರೆಯಲ್ಲಿ ಉಳಿತಾಯ ತರುವ ಅದೇ ಕ್ರಮ ಸಣ್ಣ ಕೇಂದ್ರದಲ್ಲಿ ಸಿಬ್ಬಂದಿ ವಯಲ್ ತೆರೆಯಲು ಹಿಂಜರಿಯುವಂತೆ ಮಾಡುತ್ತದೆ. ಇಮ್ಯುನೊಗ್ಲಾಬ್ಯುಲಿನ್ ಬೇಕೆಂದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕಳಿಸುವುದೇ ಹೆಚ್ಚು.

ಬರಿಗೈಯಲ್ಲಿ ವಾಪಸ್ ಬಂದವರು ಊರಲ್ಲಿ ಏನು ಹೇಳುತ್ತಾರೆ? ಮುಂದಿನ ಸಲ ಕಚ್ಚಿಸಿಕೊಂಡವರು ಸೀದಾ ನಾಟಿ ವೈದ್ಯರ ಮನೆಗೆ ಹೋಗುತ್ತಾರೆ. ಒಂದು 'ನಾಳೆ ಬನ್ನಿ' ಹತ್ತು ಜಾಥಾಗಳ ಫಲ ತೊಳೆದುಹಾಕುತ್ತದೆ. ಒಬ್ಬರೇ ರೋಗಿ ಇದ್ದರೂ ವಯಲ್ ತೆರೆಯಿರಿ, ವ್ಯರ್ಥವಾದದ್ದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ ಎಂಬ ಭರವಸೆ ಸಿಬ್ಬಂದಿಗೆ ಲಿಖಿತವಾಗಿ ಸಿಗಬೇಕು.

ತಿಳಿವಳಿಕೆಯೊಂದೇ ಸಾಲದು, ಅದರ ಜೊತೆಗೆ ಕೆಲಸವೂ ನಡೆಯಬೇಕು ಎಂಬುದನ್ನು ಗೋವಾದ ಅನುಭವ ತೋರಿಸುತ್ತದೆ. ಅಲ್ಲಿ 2013ರಿಂದ ಮಿಷನ್ ರೇಬೀಸ್ ಸಂಸ್ಥೆ ಸರ್ಕಾರದ ಜೊತೆ ಸೇರಿ ಬಲೆ ಹಿಡಿದು ಬೀದಿಬೀದಿಯ ನಾಯಿಗಳಿಗೆ ಲಸಿಕೆ ಹಾಕಿತು. ಅದೇ ಹೊತ್ತಿಗೆ ಶಾಲೆಗಳಲ್ಲಿ ಪಾಠ, ಹುಚ್ಚುನಾಯಿ ಕಂಡರೆ ಕರೆ ಮಾಡಲು ಸಹಾಯವಾಣಿ, ಸತ್ತ ನಾಯಿಗಳ ಪರೀಕ್ಷೆ. ನಾಯಿಗಳಲ್ಲಿ ರೇಬೀಸ್ ಶೇ 92ರಷ್ಟು ಇಳಿಯಿತು. 2018ರಿಂದ ಕೆಲವು ವರ್ಷ ಮನುಷ್ಯರ ಸಾವು ವರದಿಯಾಗಲಿಲ್ಲ. 2021ರಲ್ಲಿ ರಾಜ್ಯ ತನ್ನನ್ನು ರೇಬೀಸ್ ನಿಯಂತ್ರಿತ ಎಂದು ಘೋಷಿಸಿಕೊಂಡಿತು. ಗೋವಾ ಚಿಕ್ಕ ರಾಜ್ಯ, ಅದನ್ನು ಕರ್ನಾಟಕಕ್ಕೆ ಹಾಗೇ ನಕಲು ಮಾಡಲಾಗದು. ಆದರೆ ಒಂದು ತಾಲ್ಲೂಕಿನಲ್ಲಿ ಮಾಡಿ ನೋಡಲು ಅಡ್ಡಿ ಏನಿದೆ?

ಮುಂದಿನ ವರ್ಷದ ಸುದ್ದಿ ಓದುವಾಗ

2030ರೊಳಗೆ ನಾಯಿಯಿಂದ ಬರುವ ರೇಬೀಸ್ ಅನ್ನು ಕೊನೆಗಾಣಿಸುವ ರಾಷ್ಟ್ರೀಯ ಯೋಜನೆ 2021ರ ಸೆಪ್ಟೆಂಬರ್ 28ರಂದು ಶುರುವಾಯಿತು. ಹಳ್ಳಿಗಳಲ್ಲಿ ತಿಳಿವಳಿಕೆ ನಿಜವಾಗಿ ಮುಟ್ಟಿದರೆ ಮೊದಲು ಕಾಣುವ ಪರಿಣಾಮ ವಿಚಿತ್ರವಾಗಿರುತ್ತದೆ: ನಾಯಿ ಕಡಿತದ ಅಂಕಿ ಏರುತ್ತದೆ. ಮೊದಲು ಸುಣ್ಣ ಹಚ್ಚಿಕೊಂಡು ಮನೆಯಲ್ಲಿದ್ದವರು ಈಗ ಆಸ್ಪತ್ರೆಗೆ ಬಂದು ಹೆಸರು ಬರೆಸುತ್ತಾರೆ. ಲಸಿಕೆಯ ಖರ್ಚೂ ಏರುತ್ತದೆ. ಪತ್ರಿಕೆಗಳು 'ನಾಯಿ ಹಾವಳಿ ಹೆಚ್ಚಳ' ಎಂದು ಬರೆಯುತ್ತವೆ, ನಾಯಿ ಹಿಡಿಯುವ ಕೂಗು ಮತ್ತೆ ಜೋರಾಗುತ್ತದೆ. ಕಡಿತ ನಿಜಕ್ಕೂ ಜಾಸ್ತಿ ಆಗಿದೆಯೋ, ಬರೀ ವರದಿ ಜಾಸ್ತಿ ಆಗಿದೆಯೋ ಎಂದು ಆ ಒಂದು ಅಂಕಿಯಿಂದ ಹೇಳಲು ಬರುವುದಿಲ್ಲ.

ಅದಕ್ಕಿಂತ ಉಪಯುಕ್ತವಾದ ಲೆಕ್ಕ ಪ್ರತಿ ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ಈಗಾಗಲೇ ಇದೆ. ಮೊದಲ ದಿನ ಚುಚ್ಚಿಸಿಕೊಂಡವರಲ್ಲಿ ಎಷ್ಟು ಜನ 28ನೇ ದಿನ ಬಂದರು? ಗಾಯ ಮಾಗಿರುತ್ತದೆ, ನಾಯಿ ಬೀದಿಯಲ್ಲೇ ಓಡಾಡಿಕೊಂಡಿರುತ್ತದೆ, ಹೊಲದಲ್ಲಿ ಕೆಲಸ ಇರುತ್ತದೆ. ಮೂರು ವಾರದ ಅಂತರದಲ್ಲಿ ದಿನಾಂಕ ಮರೆಯುವುದು ಸುಲಭ. ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ, ದಿನ ತಪ್ಪಿದ್ದರೂ ಪರವಾಗಿಲ್ಲ, ಮೊದಲಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಬಹುದು ಎಂದು ಹೇಳಿ ಕರೆತಂದರೆ ಆ ಕಾಲಂ ತುಂಬುತ್ತದೆ.